ಕೈಗೆ ಸಿಗುವ ಸಾವಿರ

ಸರ್ಕಾರಿ ಪ್ರಾಥಮಿಕ ಶಾಲೆಯಲ್ಲೇ ಮಾಂಟೆಸರಿ ಪದ್ಧತಿಯಲ್ಲಿ, ಅಂದರೆ ಮಕ್ಕಳು ವಸ್ತುಗಳನ್ನು ಕೈಯಲ್ಲಿ ಹಿಡಿದು ತಾವೇ ಕಲಿಯುವ ಥರ, ನಡೆಯುವ ಒಂದು ತರಗತಿಯಲ್ಲಿ ನನ್ನ ಮಗಳು ಓದುತ್ತಾಳೆ. ಅಲ್ಲಿ ನನಗೆ ತುಂಬ ಹಿಡಿಸಿದ್ದು ಲೆಕ್ಕ ಕಲಿಯುವ ಮಣಿಗಳು. ಬಿಡಿ ಮಣಿ ಅಂದರೆ ಒಂದು. 10 ಮಣಿ ತಂತಿಗೆ ಪೋಣಿಸಿದರೆ 10ರ ಕಡ್ಡಿ. 10 ಕಡ್ಡಿ ಸೇರಿದರೆ 100ರ ಚೌಕ, 10 ಚೌಕ ಪೇರಿಸಿದರೆ 1000ದ ಘನ. ಅದನ್ನು ಎತ್ತಿದವಳೇ "ಅಮ್ಮಾ, ಸಾವಿರ ಎಷ್ಟು ಭಾರ!" ಅಂದಳು.

ಕೂಡುವಾಗ ಬಿಡಿ ಮಣಿ 10 ಆದರೆ, ಎದ್ದು ಹೋಗಿ ಒಂದು ಕಡ್ಡಿಗೆ ಬದಲಾಯಿಸಿಕೊಂಡು ಬರಬೇಕು. ದಶಕವನ್ನು ಯಾರೂ ಬಾಯಿಪಾಠ ಮಾಡಿಸಿಲ್ಲ. ಟೀಚರ್ ಪಕ್ಕದಲ್ಲಿ ಸುಮ್ನೆ ಕೂತಿರುತ್ತಾರೆ, ತಪ್ಪಾದರೂ ತಕ್ಷಣ ತಿದ್ದುವುದಿಲ್ಲ.

ಇದೆಲ್ಲ ದುಡ್ಡಿದ್ದವರಿಗೆ ಅಂತ ಜನ ಹೇಳುತ್ತಾರೆ, ಅಲ್ವಾ? ಆದರೆ ಈ ಪದ್ಧತಿ ರೂಪಿಸಿದ ಮಾರಿಯಾ ಮಾಂಟೆಸರಿ 1907ರಲ್ಲಿ 'ಮಕ್ಕಳ ಮನೆ' ಎಂಬ ತಮ್ಮ ಮೊದಲ ಶಾಲೆ ತೆರೆದಿದ್ದು ರೋಮ್‌ನ ಬಡವರ ಬಡಾವಣೆಯಲ್ಲಿ. ಇಂಥ ತರಗತಿ ಸರ್ಕಾರಿ ಶಾಲೆಯಲ್ಲೇ ಜಾಸ್ತಿ ಇರಬೇಕು.