ಪೇಪರ್ ಪ್ಲೇಟಿನಷ್ಟು ಜಾಗ

ಅಕ್ಟೋಬರ್ ಬಂತೆಂದರೆ ನನ್ನ ಭಾನುವಾರಗಳೆಲ್ಲ ಶೂಟಿಂಗ್ ರೇಂಜ್‌ನಲ್ಲೇ ಕಳೆಯುತ್ತವೆ. ನಾನಿರುವ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಒಂಬತ್ತು ದಿನದ ಜಿಂಕೆ ಬೇಟೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗುತ್ತದೆ. ನಮ್ಮ ಕೊಡಗಿನಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಜಿಂಕೆ ಬೇಟೆ ಅಪರಾಧ. ಕೋವಿ ಮಾತ್ರ ಮನೆಯಲ್ಲಿ ಉಳಿಯಿತು. ಕೋವಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬದ ದಿನ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆದೇ ನಾನು ಕಲಿತದ್ದು. "ಅವಸರ ಮಾಡಬೇಡ ಮಗಾ, ಉಸಿರು ಬಿಟ್ಟು ನಿಲ್ಲಿಸು, ಆಮೇಲೆ ಒತ್ತು" ಅನ್ನುತ್ತಿದ್ದರು ಅಪ್ಪ. ಇವತ್ತಿಗೂ ನನಗೆ ಅದೇ ಮಂತ್ರ.

ಆದರೆ ತೆಂಗಿನಕಾಯಿ ಇದ್ದಲ್ಲೇ ಇರುತ್ತದೆ. ಜಿಂಕೆ ಹಾಗಲ್ಲ ಅಲ್ವಾ?

ಇಲ್ಲಿ ನನ್ನ ಮೊದಲ ಜಿಂಕೆ ಬಂದದ್ದು ಬರೀ 25 ಗಜ ದೂರಕ್ಕೆ. ಕೋವಿಯ ಮೇಲಿನ ದುರ್ಬೀನು, ಅಂದರೆ ಸ್ಕೋಪ್, 9ರಲ್ಲಿತ್ತು. ಎಲ್ಲವೂ ಒಂಬತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಕಣ್ಣಿಟ್ಟರೆ ಕಂದು ಕೂದಲು ಬಿಟ್ಟು ಬೇರೇನೂ ಕಾಣಲಿಲ್ಲ. ಅದು ಭುಜವೋ ತೊಡೆಯೋ ಗೊತ್ತಾಗಲಿಲ್ಲ. ಹೊಡೆಯಲಿಲ್ಲ, ಅದು ಹೋಯಿತು. ಅವತ್ತಿನಿಂದ ಕಾಡಿನೊಳಗೆ ಸ್ಕೋಪ್ ಯಾವಾಗಲೂ 3ರಲ್ಲೇ. ದೂರದ ಜಿಂಕೆಗಾದರೆ ತಿರುಗಿಸಿಕೊಳ್ಳಲು ಟೈಮ್ ಇರುತ್ತದೆ, ಹತ್ತಿರದ್ದಕ್ಕೆ ಇರುವುದಿಲ್ಲ. ಹತ್ತಿರವಿದ್ದಾಗ ಅದರ ತಲೆ ಮರದ ಹಿಂದೆ ಹೋದಾಗಲೇ ಕೋವಿ ಎತ್ತಬೇಕು. ಕುದುರೆ ಒತ್ತದಂತೆ ತಡೆಯುವ ಸೇಫ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಸರಿಸಬೇಕು. ಆ 'ಟಿಕ್' ಒಂದೇ ಸಾಕು, ಅದು ಓಡಲು.

ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು ಎಂಟು ಇಂಚು, ಒಂದು ಪೇಪರ್ ಪ್ಲೇಟಿನಷ್ಟು. ಅದಕ್ಕೇ ನಾನು ಪ್ಲೇಟಿಗೇ ಹೊಡೆದು ಅಭ್ಯಾಸ ಮಾಡುತ್ತೇನೆ. ಮೇಜಿನ ಮೇಲೆ ಕೋವಿ ಇಟ್ಟು ಹೊಡೆದರೆ ಎಲ್ಲರದ್ದೂ ಚೆನ್ನಾಗಿಯೇ ಬೀಳುತ್ತದೆ. ನೆಲದ ಮೇಲೆ ಕೂತು, ಮೊಣಕಾಲಿಗೆ ಮೊಣಕೈ ಊರಿ ಹೊಡೆದಾಗ ನಿಜ ಗೊತ್ತಾಗುತ್ತದೆ. ನಿಂತು ಹೊಡೆದರೆ 60 ಗಜ, ಕೂತರೆ 120, ಏನಾದರೂ ಆಸರೆ ಸಿಕ್ಕರೆ 200. ಪ್ರತಿ ಗುಂಡೂ ಪ್ಲೇಟಿನೊಳಗೆ ಬೀಳುವುದು ಅಲ್ಲಿಯವರೆಗೆ ಮಾತ್ರ. ನನ್ನ ಮಿತಿ ಅಷ್ಟೇ.

ನನ್ನದು .308 ಅಳತೆಯ ರೈಫಲ್, ಗುಂಡಿನ ತೂಕ 150 ಗ್ರೇನ್, ಅಂದರೆ ಸುಮಾರು ಹತ್ತು ಗ್ರಾಂ. 100 ಗಜಕ್ಕೆ ಸ್ಕೋಪ್ ಸರಿಹೊಂದಿಸಿದರೆ 200ರಲ್ಲಿ ಸುಮಾರು ನಾಲ್ಕು ಇಂಚು ಕೆಳಗೆ ಬೀಳುತ್ತದೆ. ಸ್ವಲ್ಪ ಮೇಲೆ ಹಿಡಿದರಾಯಿತು. 300ಕ್ಕೆ ಬಂದರೆ ಹದಿನಾಲ್ಕು ಇಂಚಿನ ಹತ್ತಿರ! ಗಂಟೆಗೆ 10 ಮೈಲಿಯ ಅಡ್ಡಗಾಳಿ ಇದ್ದರೆ ಏಳೆಂಟು ಇಂಚು ಪಕ್ಕಕ್ಕೂ ಹೋಗುತ್ತದೆ. ಜೊತೆಗೆ, ಗುಂಡು ತಲುಪಲು ಸೆಕೆಂಡಿನ ಮೂರನೇ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಜಿಂಕೆ ಒಂದು ಹೆಜ್ಜೆ ಇಟ್ಟರೆ, ಎದೆಗೆ ಬೀಳಬೇಕಾದ ಗುಂಡು ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಬಿದ್ದ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. ಅದು ನನ್ನಿಂದ ಆಗಬಾರದು.

ಕಳೆದ ವರ್ಷ ಕೊಯ್ಲಾದ ಜೋಳದ ಹೊಲದಲ್ಲಿ ದೊಡ್ಡ ಕೊಂಬಿನ ಗಂಡು ಜಿಂಕೆಯೊಂದು ಅಡ್ಡಕ್ಕೆ ನಿಂತಿತ್ತು. ದೂರ ಅಳೆಯುವ ರೇಂಜ್‌ಫೈಂಡರ್ 280 ಗಜ ತೋರಿಸಿತು. ಕೋವಿ ಕೆಳಗಿಟ್ಟು ಸುಮ್ನೆ ನೋಡುತ್ತಾ ಕೂತೆ. ಕೊನೆಗೆ ಬಿಳಿ ಬಾಲ ಎತ್ತಿ ಬೇಲಿ ಹಾರಿ ಹೋಯಿತು. ಈ ಸಲ ಆ ಬೇಲಿ ಮೂಲೆಯಿಂದ 150 ಗಜದೊಳಗೆ, ಬಿದ್ದ ಓಕ್ ಮರವೊಂದರ ಹಿಂದೆ ಜಾಗ ನೋಡಿಟ್ಟಿದ್ದೇನೆ.