ಮೊಣಕಾಲ ಹಿಂದಿನ ಒಂದು ನೆರಿಗೆ

ಹೃದ್ರೋಗ ವಿಭಾಗದಲ್ಲಿ ಇಇಸಿಪಿ, ಅಂದರೆ ಕಾಲನ್ನು ಹೊರಗಿನಿಂದ ಒತ್ತಿ ಹೃದಯಕ್ಕೆ ರಕ್ತ ಹೆಚ್ಚಿಸುವ ಯಂತ್ರ ನಡೆಸುವುದು ನನ್ನ ಕೆಲಸ. ಸ್ಟೆಂಟ್, ಬೈಪಾಸ್ ಆದ ಮೇಲೂ ಎದೆನೋವು ಬಿಡದವರು, ಇನ್ನೊಂದು ಆಪರೇಷನ್ ಬೇಡ ಅಂತ ಡಾಕ್ಟರು ಹೇಳಿದವರು ನಮ್ಮಲ್ಲಿಗೆ ಬರುತ್ತಾರೆ. ಮೀನಖಂಡ, ತೊಡೆ, ಸೊಂಟದ ಕೆಳಗೆ ಬಿಪಿ ಪಟ್ಟಿಯಂಥವೇ ದೊಡ್ಡ ಕಫ್‌ಗಳನ್ನು ಸುತ್ತುತ್ತೇವೆ. ಹೃದಯ ಹಿಂಡಿ ಸಡಿಲಾದ ಕೂಡಲೇ ಅವು ಕೆಳಗಿನಿಂದ ಮೇಲಕ್ಕೆ ಒಂದರ ಹಿಂದೊಂದು ಉಬ್ಬಿ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತವೆ. ಹೃದಯದ ಸ್ನಾಯುವಿಗೆ ರಕ್ತ ಸಿಗುವುದು ಹೆಚ್ಚಾಗಿ ಆ ಸಡಿಲಾದ ಹೊತ್ತಿನಲ್ಲೇ. ಮುಂದಿನ ಬಡಿತಕ್ಕೆ ಮುಂಚೆ ಎಲ್ಲ ಕಫ್‌ಗಳೂ ಒಟ್ಟಿಗೆ ಗಾಳಿ ಬಿಡುತ್ತವೆ, ಹೃದಯದ ಹೊರೆ ಹಗುರಾಗುತ್ತದೆ. ದಿನಕ್ಕೊಂದು ಗಂಟೆ, ವಾರಕ್ಕೆ 5 ದಿನ, ಒಟ್ಟು 35 ಸಲ.

ಹೊಸದರಲ್ಲಿ ನನ್ನ ಕಣ್ಣೆಲ್ಲ ಪರದೆಯ ಮೇಲೇ ಇರುತ್ತಿತ್ತು. ಬೆರಳಿಗೆ ಹಾಕಿದ ಸೆನ್ಸರ್‌ನ ಅಲೆ ನೋಡುವುದು, ಒತ್ತಡ ಏರಿಸುವುದು, ಉಬ್ಬುವ ಗಳಿಗೆ ಸರಿಪಡಿಸುವುದು. ಆಗ ಒಬ್ಬ ಅಮ್ಮ ಚಿಕಿತ್ಸೆಗೆ ಬರುತ್ತಿದ್ದರು. ನಡುನಡುವೆ "ಎಲ್ಲ ಸರಿ ಇದೆಯಾ ಅಮ್ಮಾ?" ಅಂದರೆ "ಹೂಂ" ಅನ್ನುತ್ತಿದ್ದರು. ನನಗೂ ಅಷ್ಟೇ ಸಾಕಾಗಿತ್ತು.

ನಾಲ್ಕನೇ ದಿನ ಆ ಅಮ್ಮನ ಕಫ್ ಬಿಚ್ಚಿದಾಗ ಮೊಣಕಾಲ ಹಿಂದೆ ಬಟ್ಟೆ ಒದ್ದೆಯಾಗಿತ್ತು. ಕಫ್ ಒಳಗೆ ಹಾಕಿಸುವ ಬಿಗಿ ಪ್ಯಾಂಟು ಅಲ್ಲಿ ನೆರಿಗೆಯಾಗಿ ಮಡಚಿಕೊಂಡಿತ್ತು. ಅದರ ಕೆಳಗೆ ಉದ್ದಕ್ಕೆ ನೀರ್ಗುಳ್ಳೆ ಎದ್ದು ಒಡೆದಿತ್ತು. ನಿಮಿಷಕ್ಕೆ 70 ಬಡಿತ ಅಂದರೆ ಗಂಟೆಗೆ 4,200 ಸಲ ಆ ನೆರಿಗೆ ಅದೇ ಚರ್ಮವನ್ನು ಅಮುಕಿದೆ. ಯಾಕಮ್ಮಾ ಹೇಳಲಿಲ್ಲ ಅಂದೆ. "ಚಿಕಿತ್ಸೆ ಅಂದ್ಮೇಲೆ ಅಷ್ಟು ನೋವು ಇರೋದೇ ಅಲ್ವೇನಪ್ಪಾ" ಅಂದರು. ಅವರಿಗೆ ಸಕ್ಕರೆ ಕಾಯಿಲೆ ಬೇರೆ. ಗಾಯ ಮಾಗುವವರೆಗೆ ಚಿಕಿತ್ಸೆ ನಿಲ್ಲಿಸಬೇಕಾಯಿತು. ತಪ್ಪು ಪೂರ್ತಿ ನನ್ನದೇ.

1999ರಲ್ಲಿ ಪ್ರಕಟವಾದ, 139 ರೋಗಿಗಳ ಮೇಲೆ ನಡೆದ ಪ್ರಯೋಗ ಈ ಚಿಕಿತ್ಸೆಗೆ ದೊಡ್ಡ ಆಧಾರ. ಹೋಲಿಕೆಗೆಂದು ಹೆಸರಿಗಷ್ಟೇ ಕಡಿಮೆ ಒತ್ತಡ ಪಡೆದವರಿಗಿಂತ ಪೂರ್ತಿ ಒತ್ತಡ ಪಡೆದವರಲ್ಲಿ ಎದೆನೋವು ಕಡಿಮೆಯಾಯಿತು. ಕಾಲುನೋವು, ಚರ್ಮ ತರಚುವುದು ಹೆಚ್ಚಾದದ್ದೂ ಅವರಲ್ಲೇ. ಓದಿದ್ದೆ, ಕೈಗೆ ಇಳಿದಿರಲಿಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ, ಮಹಾಪಧಮನಿಯ ಕವಾಟ ತುಂಬಾ ಸೋರುವವರಿಗೆ ಇದನ್ನು ಕೊಡುವುದಿಲ್ಲ. ಅದನ್ನು ಡಾಕ್ಟರು ಮೊದಲೇ ನೋಡಿರುತ್ತಾರೆ. ಆದರೆ ನೆರಿಗೆ ನೋಡಬೇಕಾದವನು ನಾನೇ.

ಈಗ ಕಫ್ ಸುತ್ತುವ ಮುಂಚೆ ಮೊಣಕಾಲ ಹಿಂದೆ, ತೊಡೆಯ ಒಳಮಗ್ಗುಲಲ್ಲಿ ಅಂಗೈ ಆಡಿಸಿ ಬಟ್ಟೆ ಎಳೆದು ಸಪಾಟು ಮಾಡುತ್ತೇನೆ, ಮೂಳೆ ಎದ್ದ ಕಡೆ ಫೋಮ್ ಇಡುತ್ತೇನೆ. ಕೇಳುವ ಪ್ರಶ್ನೆಯೂ ಬದಲಾಗಿದೆ: "ಕಾಲೆಲ್ಲ ಬಿಗಿದ ಹಾಗಿದೆಯಾ, ಇಲ್ಲಾ ಒಂದೇ ಕಡೆ ಉರೀತಿದೆಯಾ?" ಬಿಗಿತ ಇರುವಂಥದ್ದೇ. ಉರಿ ಅಂದರೆ ತಕ್ಷಣ ನಿಲ್ಲಿಸಿ ಬಿಚ್ಚಿ ನೋಡುತ್ತೇನೆ, ಒಂದು ಗಂಟೆಯಲ್ಲಿ ಎರಡು ಸಲವಾದರೂ ಸರಿ.

ಗಾಯ ಮಾಗಿದ ಮೇಲೆ ಆ ಅಮ್ಮ ಮತ್ತೆ ಬಂದು 35ನ್ನೂ ಮುಗಿಸಿದರು. ಕೊನೆಕೊನೆಗೆ ನಾನು ಕೈ ಚಾಚುವಷ್ಟರಲ್ಲಿ ಅವರೇ ಮೊಣಕಾಲ ಹಿಂದೆ ಬಟ್ಟೆ ಸವರಿಕೊಂಡು, "ಇಲ್ಲಿ ಸರಿ ಇದೆ, ಆ ಕಾಲು ನೋಡಪ್ಪಾ" ಅನ್ನುತ್ತಿದ್ದರು.