"ಸೋಲಾರ್ ಹಾಕಿಸ್ಲೇನ್ರಿ?" ಅಂತ ಕೇಳೋರಿಗೆಲ್ಲ

ಮದುವಿ ಊಟದ ಪಂಕ್ತ್ಯಾಗ, ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಚಾ ಕುಡಿಯೋವಾಗ, ಬಸ್‌ನ್ಯಾಗ ಬಾಜೂಕ ಕುಂತವರು, ಎಲ್ಲಾರೂ ನನಗ ಕೇಳೋದು ಒಂದೇ. "ನೀವು ಸೋಲಾರ್ ಮ್ಯಾಲ ಪಿಎಚ್‌ಡಿ ಮಾಡ್ಲತ್ತೀರಂತಲ್ಲ, ಹಾಕಿಸ್ಲೇನ್ರಿ? ರೊಕ್ಕ ವಾಪಸ್ ಬರ್ತದೇನು?"

ಖರೆ ಹೇಳ್ಬೇಕಂದ್ರ ನಾ ಸೋಲಾರ್ ಮ್ಯಾಲ ಏನೂ ಮಾಡ್ಲತ್ತಿಲ್ಲ. ಪ್ಯಾನೆಲ್ ಹೊತ್ಕೊಂಡು ನಿಂತಿರ್ತದಲ್ಲ ಕಬ್ಬಿಣದ ಸ್ಟ್ಯಾಂಡು, ಅದಕ್ಕ ಜಂಗ (ತುಕ್ಕು) ಹಿಡೀಬಾರದಂತ ಹಚ್ಚೋ ಕಾಂಪೊಸಿಟ್ ಕೋಟಿಂಗ್, ಅಂದ್ರ ಎರಡು ಮೂರು ಪದಾರ್ಥ ಬೆರಸಿದ ಲೇಪ, ನನ್ನ ಕೆಲಸ. ಇಷ್ಟ ಹೇಳಿದ ಕೂಡ್ಲೆ ಎದುರಿನವರ ಮಾರಿ ಸಪ್ಪಗಾಗ್ತದ. "ಓ, ಪೇಂಟ್ ಏನ್ರಿ" ಅಂತಾರ. ಹೂಂರಿ, ಪೇಂಟೇ.

ಮೊದಲು ರೊಕ್ಕದ ಮಾತು ಮುಗಿಸಿ ಬಿಡ್ತೀನಿ. 2024ರ ಫೆಬ್ರವರಿದಾಗ ಶುರುವಾದ ಪಿಎಂ ಸೂರ್ಯ ಘರ್ ಸ್ಕೀಮ್‌ನ್ಯಾಗ 2 ಕಿಲೋವ್ಯಾಟ್ ತನಕ ಕಿಲೋವ್ಯಾಟಿಗೆ 30,000 ರೂಪಾಯಿ, 3 ಅಥವಾ ಅದಕ್ಕಿಂತ ಹೆಚ್ಚಿಗಿ ಹಾಕಿಸಿದ್ರ ಒಟ್ಟು 78,000 ಸಬ್ಸಿಡಿ ಅದ. ನಮ್ಮ ಕಡಿ 1 ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕ ಸರಾಸರಿ 4 ಯೂನಿಟ್ ಹತ್ರ ಕೊಡ್ತದ. ಆದ್ರ ನಿಮ್ಮ ಮನಿಗಿ 2023ರಿಂದ ಗೃಹಜ್ಯೋತಿ ಬಂದು, 200 ಯೂನಿಟ್ ಒಳಗ ಇದ್ದು ಬಿಲ್ ಸೊನ್ನಿ ಆಗ್ಲತ್ತಿದ್ರ ಸೋಲಾರ್ ಉಳಿಸೋದಾದ್ರೂ ಏನನ್ನ? ಇದನ್ನ ಮಾರಲಿಕ್ಕ ಬರೋರು ಯಾರೂ ಹೇಳಲ್ಲ. ಎಸಿ ಇದ್ದವರು, ಕೆಳಗ ಅಂಗಡಿ ಇಟ್ಟವರು, ತಿಂಗಳಾ ಮೂರ್ನಾಲ್ಕು ಸಾವಿರ ಬಿಲ್ ಕಟ್ಟೋರು, ಅಂಥವರಿಗಿ ಲೆಕ್ಕ ಕೂಡ್ತದ. ಗ್ರೀನ್ ಎನರ್ಜಿ ಷೇರ್ ಯಾವ್ದು ತಗೋಬೇಕು ಅಂತ ಕೇಳೋರಿಗಿ ಮಾತ್ರ ಕೈ ಮುಗೀತೀನಿ, ನನ್ನ ಫೆಲೋಶಿಪ್ಪೇ ಟೈಮಿಗಿ ಬರಲ್ಲ.

ಲೆಕ್ಕ ಕೂಡ್ತದ ಅಂದವರಿಗಿ ನಾ ಹೇಳೋದು ಒಂದೇ. ಎಲ್ಲಾರೂ ಪ್ಯಾನೆಲ್ ಕಂಪನಿ ಯಾವ್ದು, ಎಷ್ಟು ವ್ಯಾಟು ಅಂತ ಕೇಳ್ತಾರ, ನೀವು ಸ್ಟ್ಯಾಂಡಿಗೆ ಜಂಗ ತಡಿಯೋ ಜಿಂಕ್ ಪದರ ಎಷ್ಟು ಮೈಕ್ರಾನ್ ಅದ ಅಂತ ಕೇಳ್ರಿ (ಮಿಲಿಮೀಟರಿನ ಸಾವಿರದಾಗ ಒಂದು ಪಾಲು ಅಂದ್ರ ಒಂದು ಮೈಕ್ರಾನ್). 25 ವರ್ಷದ ವಾರಂಟಿ ಅಂತಾರಲ್ಲ, ಅದು ಪ್ಯಾನೆಲ್ಲಿಂದು. ಕಾಳಗಿ ಕಡಿ ಬ್ಯಾಸಿಗಿ ಗಾಳಿ ಎದ್ದಾಗ ಪ್ಯಾನೆಲ್ ಹಿಡ್ಕೊಂಡು ನಿಲ್ಲೋದು ವಾರಂಟಿ ಕಾಗದ ಅಲ್ಲ, ಆ ಕಬ್ಬಿಣ.

ಇದು ನನಗ ಪುಸ್ತಕದಾಗ ತಿಳಿದದ್ದಲ್ಲ. ಸೇಡಂನ್ಯಾಗ ನಮ್ಮ ಕಾಕಾ ಮಾಳಿಗಿ ಮ್ಯಾಲ ಹಾಕಿಸಿದ್ರು. ಹಾಕಿದವರು ಯಾರಂತ ಬ್ಯಾಡ ಬಿಡ್ರಿ. ಎರಡನೇ ಮಳಿಗಾಲ ಮುಗಿದ ಮ್ಯಾಲ ಕರದ್ರು, ಹೋಗಿ ನೋಡಿದ್ರ ಪೈಪಿನ ಮೈ ಎಲ್ಲ ಛಲೋನೇ ಅದ, ಬೆಳ್ಳಗ ಮಿಂಚ್ಲತ್ತದ, ಆದ್ರ ಕಟ್ ಮಾಡಿದ ತುದಿ ಅಷ್ಟೂ ಕೆಂಪು, ವೆಲ್ಡಿಂಗ್ ಹಚ್ಚಿದ ಕಡಿ ಕೆಂಪು, ಡ್ರಿಲ್ ಹಾಕಿದ ತೂತಿನ ಸುತ್ತ ಉಂಗುರದಂಗ ಕೆಂಪು, ಅಲ್ಲಿಂದ ಫರ್ಸಿ ಮ್ಯಾಲ ಎಲಿ ಅಡಕಿ ಉಗುಳಿದಂಗ ಜಂಗ ಇಳದಿತ್ತು. ಲ್ಯಾಬಿನಿಂದ ಥಿಕ್‌ನೆಸ್ ಗೇಜ್ ಒಯ್ದಿದ್ದೆ, ಅದು ನಮ್ಮ ಪೆನ್ನಿನಷ್ಟು ಉದ್ದ ಇರ್ತದ, ತುದಿ ಒತ್ತಿದ್ರ ಎಷ್ಟು ಮೈಕ್ರಾನ್ ಅಂತ ತೋರಸ್ತದ. 19, 21, 18. ಅಂದ್ರ ಇದು ಮೊದಲೇ ಜಿಂಕ್ ಬಳದ ತಗಡಿನಿಂದ ಮಾಡಿದ ಪೈಪು, ಅದನ್ನ ಮಾಳಿಗಿ ಮ್ಯಾಲೇ ಕೊಯ್ದು, ವೆಲ್ಡ್ ಮಾಡಿ, ಮ್ಯಾಲ ಸಿಲ್ವರ್ ಪೇಂಟ್ ಹೊಡದು ಹೋಗ್ಯಾರ. ಕಾಕಾ ಕೇಳಿದಾಗ "ಜಿಐ ಅದ ಸರ್" ಅಂದಿದ್ರಂತ. ಜಿಐ ಅಂದ್ರ ಜಿಂಕ್ ಬಳದ ಕಬ್ಬಿಣ. ಸುಳ್ಳೇನಲ್ಲ, ಜಿಐನೇ.

ಛಲೋ ಪದ್ಧತಿ ಏನಂದ್ರ, ಕೊಯ್ಯೋದು, ತೂತು, ವೆಲ್ಡಿಂಗ್ ಎಲ್ಲಾ ಮುಗದ ಮ್ಯಾಲ ಇಡೀ ಫ್ರೇಮನ್ನ ಸುಮಾರು 450 ಡಿಗ್ರಿ ಕಾದ ಜಿಂಕಿನ ಕಡಾಯ್ಯಾಗ ಮುಳುಗಸೋದು. ಹಾಟ್ ಡಿಪ್ ಅಂತಾರ. ಆಗ ಕಬ್ಬಿಣದ ದಪ್ಪ ನೋಡ್ಕೊಂಡು 55ರಿಂದ 85 ಮೈಕ್ರಾನ್ ತನಕ ಕೂಡ್ತದ, ತೂತಿನ ಒಳಗೂ ಕೂಡ್ತದ. ಜಿಂಕಿನ ಗುಣ ಒಂದದ, ಬಾಜೂಕ ಕಬ್ಬಿಣ ಬತ್ತಲಾಗಿದ್ರ ತಾನು ಮೊದಲು ಸವದು ಅದನ್ನ ಉಳಸ್ತದ, ಮನ್ಯಾಗ ಅವ್ವ ತಾ ಉಣದೇ ಮಕ್ಕಳಿಗಿ ಬಡಸ್ದಂಗ. ಆದ್ರ ಅದರ ಕೈ ಉದ್ದ ಇಲ್ಲ, ಸಣ್ಣ ಗೀರು ಆದ್ರ ಕಾಯ್ತದ, ವೆಲ್ಡಿಂಗ್‌ನ್ಯಾಗ ಸುಟ್ಟು ಹೋದ ನಾಲ್ಕು ಬೆರಳು ಜಾಗ ಕಾಯಲ್ಲ. ನಮ್ಮಂಥ ಒಣ ಊರಾಗ ಬರೀ ಮೈ ಮ್ಯಾಲಿನ ಜಿಂಕ್ ವರ್ಷಕ್ಕ ಒಂದು ಮೈಕ್ರಾನ್ ಸವದ್ರ ಹೆಚ್ಚು, ಅದಕ್ಕೇ ಪೈಪಿನ ಮೈ ಛಲೋ ಇತ್ತು, ಹಾಳಾಗಿದ್ದೆಲ್ಲ ಜೋಡಣಿ. ಹಂಗಂತ ಸಿಮೆಂಟ್ ಫ್ಯಾಕ್ಟರಿ ಇರೋ ಸೇಡಂ, ಮಳಖೇಡ, ವಾಡಿ ಸುತ್ತ ಇರೋರು ಪೂರಾ ನಿಶ್ಚಿಂತಿ ಇರಬ್ಯಾಡ್ರಿ, ಸಿಮೆಂಟ್ ಧೂಳು ಹಸಿ ಆದ್ರ ಕ್ಷಾರ, ಜಿಂಕಿಗೆ ಆಮ್ಲ ಹೆಂಗ ಆಗಿಬರಲ್ಲೋ ಬಿರುಸು ಕ್ಷಾರನೂ ಹಂಗೇ ಆಗಿಬರಲ್ಲ.

ಇನ್ನ ನನ್ನ ಲ್ಯಾಬಿನ ಕಥಿ. ಕಡಾಯ್ಯಾಗ ಮುಳುಗಸ್ಲಿಕ್ಕ ಆಗದ ಕಡಿ ಜಿಂಕ್ ಪ್ರೈಮರ್ ಹಚ್ತಾರ, ಎಪಾಕ್ಸಿ ಅಂಟಿನ್ಯಾಗ ಜಿಂಕ್ ಪುಡಿ. ಒಣಗಿದ ಮ್ಯಾಲ ತೂಕದಾಗ 80 ಪರ್ಸೆಂಟ್ ಜಿಂಕೇ ಇರಬೇಕು, ಯಾಕಂದ್ರ ಪುಡಿ ಕಾಳಿಗಿ ಕಾಳು ತಾಗಿದ್ರೇ ಅದು ಕಬ್ಬಿಣ ಕಾಯ್ತದ. ಅಷ್ಟು ಪುಡಿ ಹಾಕಿದ್ರ ಕೋಟಿಂಗು ಪೆಡಸಾಗಿ ಸಿಡೀತದ. ಅದಕ್ಕ ಜಿಂಕ್ ಕಡಿಮಿ ಮಾಡಿ ಗ್ರಾಫೀನ್ ಚೂರು, ಅಂದ್ರ ಕಾರ್ಬನ್ನಿನ ಭಾಳ ತೆಳ್ಳನ ಹಾಳಿ, ಬೆರಸೋದು, ಕಾಳುಗಳ ನಡುವ ಸೇತುವಿ ಆಗ್ಲಿ ಅಂತ. ಇನ್ನೊಂದು ಲಾಭನೂ ಅದ. ಶಹಾಬಾದ್ ಫರ್ಸಿ ಗಣಿ ನೋಡೀರಲ್ಲ, ಪದರ ಮ್ಯಾಲ ಪದರ, ನೀರು ಸೀದಾ ಕೆಳಗ ಇಳೀಲಿಕ್ಕ ಆಗಲ್ಲ, ಸಂದಿ ಹುಡುಕ್ಯಾಡ್ಕೋತ ಅಡ್ಡಡ್ಡ ಹೋಗ್ಬೇಕು. ಕೋಟಿಂಗ್ ಒಳಗ ಆ ಚಪ್ಪಟಿ ಚೂರುಗಳು ಹಂಗೇ ಮಲಗಿದ್ರ ನೀರು, ಆಕ್ಸಿಜನ್ ಎರಡಕ್ಕೂ ದಾರಿ ಉದ್ದ ಆಗ್ತದ.

ಮಲಗಿದ್ರ! ನನ್ನ ಮೊದಲನೇ ವರ್ಷ ಪೂರಾ ಅವು ಮಲಗ್ಲೇ ಇಲ್ಲ. ಜಾಸ್ತಿ ಹಾಕಿದ್ರ ಜಾಸ್ತಿ ಛಲೋ ಅಂತ ತಿಳದು 2 ಪರ್ಸೆಂಟ್ ಹಾಕಿದೆ, ಅವು ರವಾ ಉಪ್ಪಿಟ್ಟಿನ ಗಂಟಿನಂಗ ಗಂಟು ಕಟ್ಟಿ ಗಂಟಿನ ಸುತ್ತ ಪೊಳ್ಳಾತು, ಪ್ಲೇಟ್ ಮ್ಯಾಲ ಗುಳ್ಳಿ ಎದ್ದು ಉಗುರಿಲೆ ಕೆರದ್ರ ಕೋಟಿಂಗ್ ಸಿಪ್ಪಿ ಸಿಪ್ಪಿ ಬಂತು. ಅರ್ಧ ಪರ್ಸೆಂಟ್ ಹಾಕಿದ ಪ್ಲೇಟ್ ಇನ್ನೂ ನಿಂತದ. ಇನ್ನೊಂದು ಕಿರಿಕಿರಿ ಏನಂದ್ರ ಗ್ರಾಫೀನ್ ಕರೆಂಟ್ ಹರಸ್ತದ, ಕೋಟಿಂಗ್ ಹರದು ಕಬ್ಬಿಣ ಕಂಡ್ರ ಆ ಜಾಗದಾಗ ಜಂಗ ಜೋರಾಗೋ ಚಾನ್ಸೂ ಅದ. ಅದಕ್ಕ ಯಾರಾದ್ರೂ "ಗ್ರಾಫೀನ್ ಕೋಟಿಂಗ್ ಸರ್" ಅಂತ ದುಪ್ಪಟ್ಟು ರೇಟ್ ಹೇಳಿದ್ರ ಒಂದು ಹೆಜ್ಜಿ ಹಿಂದ ಸರೀರಿ.

"ಸಾವಿರ ತಾಸು ಸಾಲ್ಟ್ ಸ್ಪ್ರೇ ಟೆಸ್ಟ್ ಪಾಸ್" ಅಂತ ಬ್ರೋಷರ್‌ನ್ಯಾಗ ಇರ್ತದ. ಅದು 35 ಡಿಗ್ರಿದಾಗ 5 ಪರ್ಸೆಂಟ್ ಉಪ್ಪುನೀರು ಬಿಡದೇ ಸಿಂಪಡಸೋ ಪೆಟಗಿ, ಒಂದು ಕೋಟಿಂಗ್ ಇನ್ನೊಂದಕ್ಕ ಹೋಲಸಲಿಕ್ಕ ಸರಿ, ಸಾವಿರ ತಾಸು ಅಂದ್ರ ನಿಮ್ಮ ಮನಿ ಮ್ಯಾಲ ಇಷ್ಟು ವರ್ಷ ಅಂತ ಲೆಕ್ಕ ಹಾಕಲಿಕ್ಕ ಬರಲ್ಲ. ಅಲ್ಲ, ಕಲಬುರಗಿಗಿ ಸಮುದ್ರ ಎಲ್ಲಿಂದ ಬರ್ಬೇಕು?

ಪೇಂಟಿಗೂ ಪಿಎಚ್‌ಡಿ ಬೇಕೇನು ಅಂತ ನಗೋರಿಗಿ ನಾ ಬೀದರ್ ತೋರಸ್ತೀನಿ. ಬಿದರಿ ಹೂಜಿ ಕರ್ರಗ ಇರ್ತದಲ್ಲ, ಅದು ಬಣ್ಣ ಅಲ್ರಿ. ಹೆಚ್ಚು ಪಾಲು ಜಿಂಕ್, ಸ್ವಲ್ಪ ತಾಮ್ರ ಕೂಡಿಸಿ ಎರಕ ಹೊಯ್ದು, ಮೈ ಮ್ಯಾಲ ಕೆತ್ತಿದ ಗೆರಿಯಾಗ ಬೆಳ್ಳಿ ಕೂಡ್ಸಿ, ಕೋಟ್ಯಾಗಿನ ಹಳೇ ಮಣ್ಣಿಗಿ ನವಸಾಗರ ಅನ್ನೋ ಉಪ್ಪು ಬೆರಸಿ ಬಿಸಿ ಮಾಡಿ ತಿಕ್ತಾರ, ಜಿಂಕ್ ಅಷ್ಟೂ ಕಪ್ಪಾಗ್ತದ, ಬೆಳ್ಳಿ ಹಂಗೇ ಹೊಳೀತದ. ನಾವು ಯಾವ ಜಿಂಕ್ ಮೈ ಕೆಡಬಾರದಂತ ಒದ್ದಾಡ್ತೀವೋ ಅದೇ ಜಿಂಕಿನ ಮೈಯನ್ನ ಬೇಕಂತಲೇ, ಎಷ್ಟು ಬೇಕೋ ಅಷ್ಟೇ ಕೆಡಸಿ ನಿಲ್ಲಸೋದು. ಮಣ್ಣು ಸರಿ ಅದೇನಂತ ಕೆಲವರು ನಾಲಗಿಗಿ ಹಚ್ಚಿ ನೋಡ್ತಾರ. ನಮ್ಮ ಲಕ್ಷಗಟ್ಟಲೇ ರೂಪಾಯಿ ಮಷೀನಿಗಿ ಆ ನಾಲಗಿ ಇಲ್ಲ.

ದೊಡ್ಡ ರೊಕ್ಕದವರ ಕಥಿನೂ ಇದೇ. 2024ರಾಗ ಜಗತ್ತು ಕ್ಲೀನ್ ಎನರ್ಜಿಗಿ ಹಾಕೋದು ಸುಮಾರು 2 ಲಕ್ಷ ಕೋಟಿ ಡಾಲರ್ ಅಂತ ಅಂತರರಾಷ್ಟ್ರೀಯ ಇಂಧನ ಏಜೆನ್ಸಿ ಅಂದಾಜು ಮಾಡಿತ್ತು. ಜಂಗಿನಿಂದ ಜಗತ್ತಿಗಿ ವರ್ಷಕ್ಕ ಆಗೋ ಲುಕ್ಸಾನು 2.5 ಲಕ್ಷ ಕೋಟಿ ಡಾಲರ್ ಅಂತ 2016ರ ಒಂದು ದೊಡ್ಡ ವರದಿ ಹೇಳ್ತದ. ಕೋಟಿಂಗಿನ ರೊಕ್ಕ ಮಾತ್ರ ಎಲ್ಲಾ ಟೆಂಡರ್‌ನ್ಯಾಗೂ ಮೊದಲು ಕಡಿಮಿ ಮಾಡೋ ಐಟಂ.

ಗಾಜಿನ ಮ್ಯಾಲ ಹೊಡಿಯೋ "ನ್ಯಾನೋ ಸ್ಪ್ರೇ" ಬಗ್ಗೆನೂ ಕೇಳ್ತಾರ. ನೀರು ಜಾರಿ ಧೂಳು ತೊಳ್ಕೊಂಡು ಹೋಗ್ತದಂತ. ಮಳಿ ಬಂದ್ರ ತಾನೇ? ದೀಪಾವಳಿ ಮುಗದ ಮ್ಯಾಲ ಮುಂದ ಮಿರಗದ ಮಳಿ ಬರೋ ತನಕ ಇಲ್ಲಿ ಸರಿಯಾಗಿ ಹನಿ ಬೀಳಲ್ಲ. ಚಳಿಗಾಲದಾಗ ಇಬ್ಬನಿ ಬಿದ್ದು ಸಿಮೆಂಟ್ ಧೂಳು ಪ್ಯಾನೆಲ್ ಕೆಳಗಿನ ಅಂಚಿಗಿ ಗಾರಿ ಹಿಡದಂಗ ಹಿಡೀತದ, ಅದನ್ನ ಬ್ಲೇಡಿಲೆ ಕೆರೀಬ್ಯಾಡ್ರಿ. ಬಿಸಲೇರೋಕಿಂತ ಮೊದಲು ಮುಂಜಾನಿ ಮೆತ್ತನ ಬಟ್ಟಿ, ಸಿಹಿ ನೀರು. ಬೋರ್ ನೀರಾದ್ರ ಬಿಳಿ ಕಲಿ ಕುಂದರ್ತದ, ಅದು ಇನ್ನೊಂದು ಗೋಳು.

ಕಾಕಾನ ಸ್ಟ್ಯಾಂಡು ತಂತಿ ಬ್ರಷ್‌ಲೆ ತಿಕ್ಕಿ, ತುದಿ, ಜೋಡಣಿಗೆಲ್ಲ ನಾನೇ ಜಿಂಕ್ ಪ್ರೈಮರ್ ಎರಡು ಕೈ ಹಚ್ಚಿ ಬಂದೀನಿ, ಒಂದು ಮೂಲಿಗಿ ಮಾತ್ರ ನನ್ನ ಅರ್ಧ ಪರ್ಸೆಂಟ್ ಮಾಲು. ಕಾಕಾಗ ಇನ್ನೂ ಹೇಳಿಲ್ಲ. ಶ್ರಾವಣದಾಗ ಹೋದಾಗ ಮೊದಲು ಆ ಮೂಲಿನೇ ನೋಡ್ಬೇಕು.